ನಕ್ಷೆ ಜೂಮ್ ಮಾಡಿದರೆ ನಿಮ್ಮ ಮನೆ ಕೆಂಪು ವಲಯದಲ್ಲಿದೆಯೋ ಹಸಿರಿನಲ್ಲೋ ಗೊತ್ತಾಗುತ್ತದೆಯೇ?

ಜೂನ್ ಮುಗಿದು ಮಲೆನಾಡಿನಲ್ಲಿ ಮಳೆ ಬಿರುಸಾಗುತ್ತಿದ್ದಂತೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಬಗೆಯ ಫಾರ್ವರ್ಡ್ ಓಡಾಡಲು ಶುರುವಾಗುತ್ತದೆ. ಪಶ್ಚಿಮ ಘಟ್ಟದ ಬಣ್ಣಬಣ್ಣದ ನಕ್ಷೆ. ಅಲ್ಲಲ್ಲಿ ಕೆಂಪು, ಹಳದಿ, ಹಸಿರು. ಕೆಳಗೆ ‘ಕೆಂಪು ಇರುವ ಕಡೆ ಗುಡ್ಡ ಕುಸಿಯಲಿದೆ, ಜೂಮ್ ಮಾಡಿ ನಿಮ್ಮ ಊರು ನೋಡಿಕೊಳ್ಳಿ, ಎಲ್ಲರಿಗೂ ಕಳಿಸಿ’ ಎಂಬರ್ಥದ ಸಾಲು. ನಿಮಗೂ ಬಂದಿರಬಹುದು. ನೀವೂ ಎರಡು ಬೆರಳಿಟ್ಟು ಹಿಗ್ಗಿಸಿ, ನಿಮ್ಮ ತೋಟ ಯಾವ ಬಣ್ಣದಲ್ಲಿದೆ ಎಂದು ಹುಡುಕಿರಬಹುದು.

ಜೂಮ್ ಮಾಡಿದರೆ ಗೊತ್ತಾಗುತ್ತದೆಯೇ ಎಂದರೆ ಉತ್ತರ, ಇಲ್ಲ. ನಕ್ಷೆ ಸುಳ್ಳು ಎಂದಲ್ಲ. ಎಷ್ಟೋ ಸಲ ಅದು ಸರ್ಕಾರಿ ಸಂಸ್ಥೆಯೇ ತಯಾರಿಸಿದ ಅಸಲಿ ನಕ್ಷೆಯಾಗಿರುತ್ತದೆ. ಆದರೆ ನಿಮ್ಮ ಮನೆಯ ಪ್ರಶ್ನೆಗೆ ಉತ್ತರ ಕೊಡುವಷ್ಟು ಮಾಹಿತಿ ಅದರೊಳಗೆ ಇರುವುದಿಲ್ಲ. ಇಲ್ಲದ ಮಾಹಿತಿ ಜೂಮ್ ಮಾಡಿದ ಮಾತ್ರಕ್ಕೆ ಹುಟ್ಟುವುದಿಲ್ಲ.

ಕೆಂಪು ಬಣ್ಣ ಕಂಡವರು ಹೆದರಿ ನಿದ್ದೆಗೆಡುತ್ತಾರೆ, ಸಿಕ್ಕಿದ ಬೆಲೆಗೆ ಜಾಗ ಮಾರುವ ಮಾತಾಡುತ್ತಾರೆ. ಅದು ಒಂದು ತೊಂದರೆ. ನನಗೆ ಹೆಚ್ಚು ಆತಂಕ ತರುವುದು ಹಸಿರು ಕಂಡವರ ವಿಷಯ. ‘ನಮ್ಮದು ಸೇಫ್, ನಕ್ಷೆಯಲ್ಲೇ ಇದೆ’ ಎಂದು, ಪಂಚಾಯಿತಿಯವರು ಬಂದು ಕರೆದರೂ ಕಾಳಜಿ ಕೇಂದ್ರಕ್ಕೆ ಹೋಗದೆ ಕೂತರೆ?

ಒಂದು ಚೌಕದಲ್ಲಿ ಎಷ್ಟು ಎಕರೆ?

ಉಪಗ್ರಹದ ಮಾಹಿತಿಯಿಂದ ಮಾಡಿದ ನಕ್ಷೆ ಎಂದರೆ ಲೆಕ್ಕದ ಪುಸ್ತಕದ ಹಾಳೆಯಂತೆ ಚೌಕ ಚೌಕವಾಗಿ ಹರಡಿದ ಸಂಖ್ಯೆಗಳು. ಒಂದು ಚೌಕಕ್ಕೆ ಒಂದೇ ಬೆಲೆ, ಒಂದೇ ಬಣ್ಣ. ಚೌಕದ ಒಂದು ಬದಿ ನೆಲದ ಮೇಲೆ ಎಷ್ಟು ಉದ್ದ ಎಂಬುದೇ ಆ ನಕ್ಷೆಯ ರೆಸಲ್ಯೂಷನ್.

ಇದನ್ನು ನಮ್ಮ ಅಳತೆಗೆ ತಂದು ನೋಡಿ. 1 ಕಿ.ಮೀ. ಚೌಕ ಎಂದರೆ ಸುಮಾರು 247 ಎಕರೆ. 90 ಮೀಟರ್ ಚೌಕ ಎಂದರೆ 2 ಎಕರೆ. 30 ಮೀಟರ್ ಚೌಕ ಸುಮಾರು 9 ಗುಂಟೆ. 10 ಮೀಟರ್ ಚೌಕ ಹೆಚ್ಚುಕಡಿಮೆ 1 ಗುಂಟೆ.

ಮಲೆನಾಡಿನಲ್ಲಿ 247 ಎಕರೆಯೊಳಗೆ ಏನೆಲ್ಲ ಇರುತ್ತದೆ ಎಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ತಗ್ಗಿನಲ್ಲಿ ಗದ್ದೆ, ಪಕ್ಕದಲ್ಲಿ ಹಳ್ಳ, ಸ್ವಲ್ಪ ಮೇಲೆ ಅಡಿಕೆ ತೋಟ, ಗುಡ್ಡದ ಮೈಯಲ್ಲಿ ಕಾಫಿ, ಮಧ್ಯೆ ಧರೆ ಕಡಿದು ಕಟ್ಟಿದ ನಾಲ್ಕಾರು ಮನೆ, ನೆತ್ತಿಯಲ್ಲಿ ಹುಲ್ಲು. ಇಷ್ಟಕ್ಕೂ ಸೇರಿ ನಕ್ಷೆಯಲ್ಲಿ ಒಂದೇ ಬಣ್ಣ. ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿ.ಮೀ. ಅಂದರೆ 1 ಕಿ.ಮೀ. ನಕ್ಷೆಯಲ್ಲಿ ಇಡೀ ಕೊಡಗಿಗೆ ಸಿಗುವುದು ಸುಮಾರು 4,100 ಚೌಕ. 30 ಮೀಟರ್ ನಕ್ಷೆಯಲ್ಲಾದರೆ ಸುಮಾರು 45 ಲಕ್ಷ. ಒರಟು ನಕ್ಷೆಗೂ ಸೂಕ್ಷ್ಮ ನಕ್ಷೆಗೂ ಇರುವ ಅಂತರ ಇಷ್ಟು ದೊಡ್ಡದು.

ಎಲ್ಲ ನಕ್ಷೆಗಳೂ ಚೌಕಗಳಿಂದಲೇ ಆಗಿರುವುದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮತ್ತು ಇಸ್ರೋ ಸೇರಿ ಇಡೀ ದೇಶದ ಭೂರೂಪಗಳ ನಕ್ಷೆ ಮಾಡಿವೆ. ಭೂರೂಪ ಎಂದರೆ ನೆಲದ ಆಕಾರ: ಬೆಟ್ಟ, ಕಣಿವೆ, ಬಯಲು, ನದಿ ದಂಡೆ ಹೀಗೆ. ಇಸ್ರೋದ ಭುವನ್ ಜಾಲತಾಣದಲ್ಲಿ ಯಾರು ಬೇಕಾದರೂ ಇದನ್ನು ನೋಡಬಹುದು. ಇದರಲ್ಲಿ ಚೌಕದ ಬದಲು ತಜ್ಞರು ಗೆರೆ ಎಳೆದು ಬಿಡಿಸಿದ ತುಂಡುಗಳಿವೆ. ಅದರ ಮಾಪನ 1:50,000. ಕಾಗದದ ಮೇಲಿನ 1 ಮಿ.ಮೀ. ನೆಲದ ಮೇಲೆ 50 ಮೀಟರ್. ಅರ್ಧ ಮಿ.ಮೀ. ದಪ್ಪದ ಗೆರೆ ಎಳೆದರೆ ಆ ಗೆರೆಯೇ ನೆಲದಲ್ಲಿ 25 ಮೀಟರ್ ಅಗಲ! ನಿಮ್ಮ ಮನೆ ಗೆರೆಯ ಈಚೆಗೋ ಆಚೆಗೋ ಎಂದು ಚರ್ಚೆ ಮಾಡುವಾಗ, ಮನೆ, ಅಂಗಳ, ಕೊಟ್ಟಿಗೆ ಎಲ್ಲ ಸೇರಿ ಗೆರೆಯೊಳಗೇ ಕೂತಿರುವ ಸಾಧ್ಯತೆ ಇದೆ.

ಈ ನಕ್ಷೆಯ ಒಂದು ವರ್ಗದ ಹೆಸರೇ ‘ಸೀಳಿದ ಬೆಟ್ಟಗಳು ಮತ್ತು ಕಣಿವೆಗಳು’ ಎಂಬರ್ಥದ್ದು. ಬೆಟ್ಟವೂ ಕಣಿವೆಯೂ ಒಂದೇ ಬಣ್ಣದಲ್ಲಿ. ನಕ್ಷೆ ಮಾಡಿದವರು ಎಡವಿದ್ದಾರೆ ಎಂದಲ್ಲ. ಆ ಮಾಪನದಲ್ಲಿ ಅವೆರಡನ್ನು ಬೇರೆ ಬೇರೆಯಾಗಿ ಬಿಡಿಸಲು ಜಾಗವಿಲ್ಲ, ಹಾಗಾಗಿ ಒಟ್ಟಿಗೆ ಸೇರಿಸಿ ಹೆಸರಿನಲ್ಲೇ ಹಾಗೆಂದು ಹೇಳಿದ್ದಾರೆ. ಫಾರ್ವರ್ಡ್ ಆಗುವಾಗ ಆ ಹೆಸರು, ಮಾಪನ, ಸೂಚಿ ಎಲ್ಲ ಕತ್ತರಿಸಿ ಹೋಗಿ ಬಣ್ಣ ಮಾತ್ರ ಉಳಿದಿರುತ್ತದೆ.

ಒರಟು ನಕ್ಷೆಯ ಬೆಟ್ಟ ಯಾಕೆ ನುಣ್ಣಗೆ?

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಕ್ಷೆಗಳ ಮಟ್ಟಿಗೆ ಅಕ್ಷರಶಃ ನಿಜ. ಗುಡ್ಡ ಕುಸಿತದ ಲೆಕ್ಕಕ್ಕೆ ಬಹಳ ಮುಖ್ಯವಾದದ್ದು ಇಳಿಜಾರು ಎಷ್ಟು ಕಡಿದಾಗಿದೆ ಎಂಬುದು. ಒಂದು ಗುಡ್ಡವಿದೆ ಎಂದುಕೊಳ್ಳಿ. 500 ಮೀಟರ್ ದೂರದಲ್ಲಿ 120 ಮೀಟರ್ ಏರುತ್ತದೆ, ಮುಂದಿನ 500 ಮೀಟರ್‌ನಲ್ಲಿ ಅಷ್ಟೇ ಇಳಿಯುತ್ತದೆ. ಹತ್ತುವವರಿಗೆ ಸುಮಾರು 13 ಡಿಗ್ರಿಯ ಏರು. ಆದರೆ 1 ಕಿ.ಮೀ. ಅಂತರದ ಎರಡು ತುದಿಗಳ ಎತ್ತರ ಮಾತ್ರ ಗೊತ್ತಿರುವ ನಕ್ಷೆಗೆ ಎರಡೂ ತುದಿ ಒಂದೇ ಮಟ್ಟ. ಇಳಿಜಾರು ಸೊನ್ನೆ. ಗುಡ್ಡವೇ ಮಾಯ!

ಮನೆ ಹಿಂದಿನ ಧರೆಯ ಕಥೆ ಇನ್ನೂ ಕಷ್ಟ. ಕೊಡಗಿನ ಕಡೆ ಬರೆ ಎನ್ನುತ್ತಾರಲ್ಲ, ಜೆಸಿಬಿಯಲ್ಲಿ ಕಡಿದ 5–6 ಮೀಟರ್ ಎತ್ತರದ ನೆಟ್ಟಗಿನ ಮಣ್ಣಿನ ಗೋಡೆ. ಅದು 30 ಮೀಟರ್ ಚೌಕದಲ್ಲೂ ಕಾಣುವುದಿಲ್ಲ. ಮಳೆಗಾಲದಲ್ಲಿ ಮನೆಯ ಮೇಲೆ ಬೀಳುವುದು ಎಷ್ಟೋ ಸಲ ಅದೇ.

ಜೂಮ್ ಮಾಡಿದಾಗ ಫೋನ್ ಏನು ಮಾಡುತ್ತದೆ?

ಇಲ್ಲಿ ಒಂದು ಕಣ್ಕಟ್ಟಿದೆ. ಜೂಮ್ ಮಾಡಿದಾಗ ದೊಡ್ಡ ದೊಡ್ಡ ಚೌಕಗಳೇ ಕಾಣಿಸಿದ್ದರೆ ‘ಓ, ಇದು ಒರಟು ನಕ್ಷೆ’ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಆದರೆ ಬಹಳಷ್ಟು ಆ್ಯಪ್‌ಗಳು ಅಕ್ಕಪಕ್ಕದ ಚೌಕಗಳ ಬಣ್ಣವನ್ನು ಬೆರೆಸಿ ನಡುವೆ ನಯವಾದ ಛಾಯೆ ತುಂಬುತ್ತವೆ. ಕೆಂಪಿನಿಂದ ಹಳದಿಗೆ ನಿಧಾನವಾಗಿ ಇಳಿಯುವ ಬಣ್ಣ ನೋಡಿದರೆ, ಇಂಚಿಂಚೂ ಅಳೆದು ಬಿಡಿಸಿದಂತೆ ಅನಿಸುತ್ತದೆ. ಅದು ಬರೀ ಬಣ್ಣ ಬೆರೆಸಿದ್ದು, ಯಾರೂ ಅಳೆದಿಲ್ಲ.

ಇದೇ ಕಣ್ಕಟ್ಟನ್ನು ಫೈಲಿನಲ್ಲೂ ಮಾಡಬಹುದು. 1 ಕಿ.ಮೀ. ಚೌಕವನ್ನು 10 ಮೀಟರ್ ಅಗಲದ 10,000 ಚಿಕ್ಕ ಚೌಕಗಳಾಗಿ ಕತ್ತರಿಸಿ, ಎಲ್ಲಕ್ಕೂ ಅದೇ ಬೆಲೆ ತುಂಬಿದರೆ, ಫೈಲಿನ ಮೇಲೆ ‘10 ಮೀಟರ್ ರೆಸಲ್ಯೂಷನ್’ ಎಂದು ಬರೆಯಬಹುದು. ಚೌಕ ಚಿಕ್ಕದಾಯಿತು, ಮಾಹಿತಿ ಮೊದಲಿನಷ್ಟೇ.

ಹಾಗಾದರೆ ಒರಟು ನಕ್ಷೆಯನ್ನು ಸೂಕ್ಷ್ಮ ಮಾಡಲು ಆಗುವುದೇ ಇಲ್ಲವೇ?

ಆಗುತ್ತದೆ. ಆದರೆ ಅದಕ್ಕೆ ಹೊರಗಿನಿಂದ ಹೊಸ ಮಾಹಿತಿ ಬೇಕು. ಹಾಗೆ ಮಾಡುವ ವಿಧಾನಕ್ಕೆ ಸಂಖ್ಯಾಶಾಸ್ತ್ರೀಯ ಡೌನ್‌ಸ್ಕೇಲಿಂಗ್ ಎನ್ನುತ್ತಾರೆ. ಹವಾಮಾನ ವಿಜ್ಞಾನಿಗಳು ಇದನ್ನು ತುಂಬಾ ಬಳಸುತ್ತಾರೆ, ಮಣ್ಣು ಮತ್ತು ಭೂರೂಪದ ನಕ್ಷೆ ಮಾಡುವವರೂ ಬಳಸುತ್ತಾರೆ. ಹೆಸರು ಭಾರವಾಗಿದ್ದರೂ ವಿಷಯ ಒಂದು ವಠಾರದ ಕರೆಂಟ್ ಬಿಲ್ಲಿನಷ್ಟೇ.

ಆರು ಮನೆಗಳ ಹಳೇ ವಠಾರ, ಎಲ್ಲಕ್ಕೂ ಸೇರಿ ಒಂದೇ ಮೀಟರ್. ಈ ತಿಂಗಳ ಬಿಲ್ 4,800 ರೂಪಾಯಿ. ಯಾರ ಪಾಲು ಎಷ್ಟು?

ಸುಲಭದ ದಾರಿ, ತಲಾ 800 ರೂಪಾಯಿ. ಜೂಮ್ ಮಾಡುವುದು ಎಂದರೆ ಇದೇ. ಒಟ್ಟು ಮೊತ್ತವನ್ನು ಸಮನಾಗಿ ಹರಿದು ಹಂಚಿದ್ದು.

ಇನ್ನೊಂದು ದಾರಿ ಇದೆ. ಪ್ರತಿ ಮನೆಯಲ್ಲಿ ಎಷ್ಟು ಜನ, ಫ್ರಿಜ್ ಇದೆಯೇ, ಗೀಸರ್ ಇದೆಯೇ ಎಂದು ಹೊರಗಿನಿಂದಲೇ ನೋಡಿ ಪಟ್ಟಿ ಮಾಡಿಕೊಳ್ಳಿ. ಅದೇ ಬೀದಿಯ ಬೇರೆ ಇಪ್ಪತ್ತು ವಠಾರಗಳ ಒಟ್ಟು ಬಿಲ್ ಕೂಡ ನಿಮ್ಮ ಬಳಿ ಇದೆ ಎಂದುಕೊಳ್ಳಿ. ಗೀಸರ್ ಹೆಚ್ಚಿರುವ ವಠಾರಗಳ ಬಿಲ್ ಎಷ್ಟು ಹೆಚ್ಚು, ಜನ ಹೆಚ್ಚಿದ್ದರೆ ಎಷ್ಟು ಹೆಚ್ಚು ಎಂದು ಹೋಲಿಸಿದರೆ ಒಂದು ಅಂದಾಜಿನ ಸೂತ್ರ ಸಿಗುತ್ತದೆ. ಆ ಸೂತ್ರವನ್ನು ನಮ್ಮ ಆರು ಮನೆಗೆ ಹಾಕಿದಾಗ 1,500, 1,000, 750, 1,250, 500, 1,000 ಎಂದು ಬಂತು ಅನ್ನಿ. ಕೂಡಿದರೆ 6,000. ಆದರೆ ಅಸಲಿ ಬಿಲ್ 4,800. ಹಾಗಾಗಿ ಎಲ್ಲರದ್ದನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸಬೇಕು: 1,200, 800, 600, 1,000, 400, 800. ಈಗ ಮೊತ್ತ ಸರಿಹೋಯಿತು.

ಸಂಖ್ಯಾಶಾಸ್ತ್ರೀಯ ಡೌನ್‌ಸ್ಕೇಲಿಂಗ್‌ನ ಮುಖ್ಯ ಹೆಜ್ಜೆಗಳೆಲ್ಲ ಇದರಲ್ಲಿವೆ. ಒಟ್ಟು ಬಿಲ್ ಎಂಬುದು ಒರಟು ನಕ್ಷೆ. ಗೀಸರ್, ಫ್ರಿಜ್, ಜನಸಂಖ್ಯೆ ಎಂಬುದು ಸೂಕ್ಷ್ಮವಾಗಿ ಸಿಗುವ ಬೇರೆ ಮಾಹಿತಿ. ಎರಡರ ನಡುವಿನ ಸಂಬಂಧವನ್ನು ಕಲಿಯಬೇಕು, ಮನೆಮನೆಗೆ ಅಂದಾಜು ಮಾಡಬೇಕು, ಕೊನೆಗೆ ಕೂಡಿದರೆ ಮೂಲ ಮೊತ್ತವೇ ಬರಬೇಕು. ಈ ಕೊನೆಯ ಷರತ್ತು ಹೊಸದೇನಲ್ಲ. ವಾಲ್ಡೊ ಟೋಬ್ಲರ್ ಎಂಬ ಭೂಗೋಳಶಾಸ್ತ್ರಜ್ಞ, ಹಂಚಿದ್ದನ್ನು ಮತ್ತೆ ಕೂಡಿದಾಗ ಮೂಲ ಮೊತ್ತವೇ ಬರುವಂತೆ ನಯವಾದ ನಕ್ಷೆ ಮಾಡುವ ವಿಧಾನವನ್ನು 1979ರಲ್ಲೇ ಪ್ರಕಟಿಸಿದ್ದರು.

ಈಗ 400 ರೂಪಾಯಿ ಬಂದ ಐದನೇ ಮನೆ ನೋಡಿ. ಒಬ್ಬರೇ ಅಜ್ಜಿ. ಫ್ರಿಜ್ ಇಲ್ಲ, ಗೀಸರ್ ಇಲ್ಲ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಅಜ್ಜಿ ದೋಸೆ ಹಿಟ್ಟು ರುಬ್ಬಿ ಮಾರುತ್ತಾರೆ, ಬೆಳಗಿನಿಂದ ಸಂಜೆವರೆಗೆ ಗ್ರೈಂಡರ್ ಓಡುತ್ತದೆ. ನಿಮ್ಮ ಪಟ್ಟಿಯಲ್ಲಿ ಗ್ರೈಂಡರ್ ಎಂಬ ಕಾಲಂ ಇರಲಿಲ್ಲ. ಸೂತ್ರ ಎಷ್ಟೇ ಚೆನ್ನಾಗಿದ್ದರೂ ಪಟ್ಟಿಯಲ್ಲಿ ಇಲ್ಲದ್ದನ್ನು ಅದು ಕಾಣುವುದಿಲ್ಲ. ಈ ಅಜ್ಜಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾರೆ.

ಭೂರೂಪದ ನಕ್ಷೆಯಲ್ಲಿ ಇದು ಹೇಗೆ ನಡೆಯುತ್ತದೆ?

ಭೂರೂಪಕ್ಕೆ ಗೀಸರ್-ಫ್ರಿಜ್ ಪಟ್ಟಿಯ ಜಾಗದಲ್ಲಿ ಬರುವುದು ನೆಲದ ಎತ್ತರದ ಮಾಹಿತಿ. 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿಯನ್ನು ಸುತ್ತಿ, ರೇಡಾರ್‌ನಿಂದ ಭೂಮಿಯ ನೆಲಭಾಗದ ಸುಮಾರು 80% ಪ್ರದೇಶದ ಎತ್ತರವನ್ನು ಅಳೆಯಿತು. ಮೊದಲು ಬೇರೆ ದೇಶಗಳಿಗೆ ಅದರ 90 ಮೀಟರ್ ಆವೃತ್ತಿ ಮಾತ್ರ ಸಿಗುತ್ತಿತ್ತು. 30 ಮೀಟರ್ ಆವೃತ್ತಿಯನ್ನು 2014ರಿಂದ ಹಂತಹಂತವಾಗಿ ಬಿಡುಗಡೆ ಮಾಡಿದರು. 2005ರಲ್ಲಿ ಇಸ್ರೋ ಹಾರಿಸಿದ ಕಾರ್ಟೊಸ್ಯಾಟ್-1 ಉಪಗ್ರಹದ ಜೋಡಿ ಚಿತ್ರಗಳಿಂದ ಮಾಡಿದ ನಮ್ಮದೇ ಎತ್ತರದ ಮಾಹಿತಿಯೂ ಭುವನ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಎತ್ತರ ಗೊತ್ತಿದ್ದರೆ ಉಳಿದದ್ದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಪ್ರತಿ ಚೌಕದ ಇಳಿಜಾರು ಎಷ್ಟು, ಯಾವ ದಿಕ್ಕಿಗೆ, ನೆಲ ಉಬ್ಬಿದೆಯೋ ತಗ್ಗಾಗಿದೆಯೋ, ಮೇಲಿನಿಂದ ಎಷ್ಟು ಜಾಗದ ನೀರು ಇಲ್ಲಿಗೆ ಹರಿದು ಬರುತ್ತದೆ, ಸುತ್ತಲಿನ ಜಾಗಕ್ಕಿಂತ ಇದು ಎತ್ತರದಲ್ಲಿದೆಯೋ ಕೆಳಗಿದೆಯೋ.

ಮುಂದಿನ ಹೆಜ್ಜೆಯೇ ಸ್ವಾರಸ್ಯದ್ದು. ಒರಟು ನಕ್ಷೆಯ ಒಂದು ತುಂಡಿನಲ್ಲಿ 60% ಇಳಿಜಾರು, 30% ಕಣಿವೆಯ ತಳ, 10% ಗುಡ್ಡದ ನೆತ್ತಿ ಇದೆ ಎಂದು ತಜ್ಞರಿಗೆ ಗೊತ್ತು. ಯಾವುದು ಎಲ್ಲಿದೆ ಎಂದು ಮಾತ್ರ ನಕ್ಷೆ ಹೇಳುವುದಿಲ್ಲ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಮಣ್ಣಿನ ನಕ್ಷೆಗಳಿಗಾಗಿ 2014ರಲ್ಲಿ ಪ್ರಕಟಿಸಿದ ಡಿಸ್ಮಾರ್ಟ್ ಎಂಬ ವಿಧಾನ ಇದಕ್ಕೆ ಒಂದು ಜಾಣ ಉಪಾಯ ಹೂಡುತ್ತದೆ. ಪ್ರತಿ ತುಂಡಿನೊಳಗೆ ಕಣ್ಣುಮುಚ್ಚಿ ಕಾಳು ಬೀರಿದಂತೆ ಕೆಲವು ಬಿಂದುಗಳನ್ನು ಚೆಲ್ಲುತ್ತದೆ. ಆ ಬಿಂದುಗಳಿಗೆ ಚೀಟಿ ಎತ್ತಿದ ಹಾಗೆ ಹೆಸರು ಹಚ್ಚುತ್ತದೆ, ಪ್ರಮಾಣ ಮಾತ್ರ ತಜ್ಞರು ಹೇಳಿದ 60-30-10.

ಚೀಟಿ ಎತ್ತಿ ಹಚ್ಚಿದ ಹೆಸರುಗಳಲ್ಲಿ ಬೇಕಾದಷ್ಟು ತಪ್ಪಿರುತ್ತವೆ, ನಿಜ. ಆದರೆ ಕಣಿವೆ ಹೆಚ್ಚಿರುವ ತುಂಡುಗಳಲ್ಲಿ ತಗ್ಗು, ಚಪ್ಪಟೆ, ತೇವದ ಚೌಕಗಳೂ ಹೆಚ್ಚಿರುತ್ತವೆ. ಕಣಿವೆ ಕಡಿಮೆ ಇರುವ ತುಂಡುಗಳಲ್ಲಿ ಅಂಥ ಚೌಕಗಳೂ ಕಡಿಮೆ. ನೂರಾರು ತುಂಡುಗಳನ್ನು ಒಟ್ಟಿಗೆ ನೋಡಿದಾಗ ‘ಕಣಿವೆ ಎಂಬ ಹೆಸರಿಗೂ ತಗ್ಗು ಜಾಗಕ್ಕೂ ನಂಟಿದೆ’ ಎಂಬುದು ಕಂಪ್ಯೂಟರ್‌ಗೆ ಹೊಳೆಯುತ್ತದೆ. ವಠಾರಗಳನ್ನು ಹೋಲಿಸಿ ಗೀಸರ್‌ನ ಖರ್ಚು ಕಂಡುಕೊಂಡಂತೆಯೇ. ಈ ಚೀಟಿ ಆಟವನ್ನು ಮತ್ತೆ ಮತ್ತೆ ಆಡಿಸುತ್ತಾರೆ. ಪ್ರತಿ ಸಲವೂ ಒಂದು ಹೊಸ ನಿರ್ಣಯದ ಸೂತ್ರ, ಪ್ರತಿ ಸೂತ್ರವೂ ಪ್ರತಿ ಚಿಕ್ಕ ಚೌಕಕ್ಕೆ ಒಂದು ಮತ ಹಾಕುತ್ತದೆ.

ನೂರು ಸಲ ಆಡಿಸಿದರೆ ಒಂದು ಚೌಕಕ್ಕೆ, ಉದಾಹರಣೆಗೆ, 58 ಮತ ಇಳಿಜಾರಿಗೆ, 30 ಕಣಿವೆಯ ತಳಕ್ಕೆ, 12 ನೆತ್ತಿಗೆ ಬೀಳಬಹುದು. ಪಕ್ಕದ ಚೌಕಕ್ಕೆ 96 ಮತ ಇಳಿಜಾರಿಗೇ ಬೀಳಬಹುದು.

ಇದು ಪ್ರಯೋಗಶಾಲೆಯ ಆಟವಾಗಿ ಉಳಿದಿಲ್ಲ. ಇದೇ ವಿಧಾನವನ್ನು ದೊಡ್ಡ ಕಂಪ್ಯೂಟರ್‌ಗಳ ಮೇಲೆ ಓಡಿಸಿ ಅಮೆರಿಕದ ಸಂಶೋಧಕರು 2016ರಲ್ಲಿ, ಅಲಾಸ್ಕ ಮತ್ತು ಹವಾಯಿ ಬಿಟ್ಟು, ಇಡೀ ದೇಶದ 30 ಮೀಟರ್ ಮಣ್ಣಿನ ನಕ್ಷೆ ಮಾಡಿದರು. ಪೋಲಾರಿಸ್ ಎಂದು ಅದರ ಹೆಸರು. ಅದು ಪ್ರತಿ ಚೌಕಕ್ಕೂ ‘ಇಲ್ಲಿರುವ ಮಣ್ಣು ಇದೇ’ ಎನ್ನುವುದಿಲ್ಲ. ಇಂಥ ಮಣ್ಣು ಇರುವ ಸಂಭವ ಇಷ್ಟು, ಇನ್ನೊಂದು ಇರುವ ಸಂಭವ ಇಷ್ಟು ಎನ್ನುತ್ತದೆ. ನನ್ನ ಮಟ್ಟಿಗೆ ಪ್ರಾಮಾಣಿಕ ನಕ್ಷೆ ಎಂದರೆ ಹಾಗಿರಬೇಕು.

ಹಾಗಾದರೆ ಡೌನ್‌ಸ್ಕೇಲ್ ಮಾಡಿದ ನಕ್ಷೆ ನಂಬಬಹುದೇ?

ಯಾವ ಕೆಲಸಕ್ಕೆ ಎಂಬುದರ ಮೇಲೆ ಹೋಗುತ್ತದೆ. ಒಂದು ತಾಲೂಕಿನಲ್ಲಿ ಭೂವಿಜ್ಞಾನಿಗಳ ತಂಡವನ್ನು ಮೊದಲು ಯಾವ ಹತ್ತು ಗುಡ್ಡಗಳಿಗೆ ಕಳಿಸಬೇಕು, ಹೊಸ ರಸ್ತೆಯ ಮೂರು ದಾರಿಗಳಲ್ಲಿ ಯಾವುದನ್ನು ಹೆಚ್ಚು ಪರೀಕ್ಷಿಸಬೇಕು, ಮಳೆಮಾಪಕ ಎಲ್ಲಿಡಬೇಕು – ಇಂಥದ್ದಕ್ಕೆ ಅದು ಒಳ್ಳೆಯ ಸಾಧನ. ಒಂದೊಂದು ಚೌಕ ತಪ್ಪಿದರೂ ಸಾವಿರಾರು ಚೌಕಗಳ ಒಟ್ಟು ಚಿತ್ರ ಉಪಯೋಗಕ್ಕೆ ಬರುತ್ತದೆ. ‘ನನ್ನ ಮನೆ ಉಳಿಯುತ್ತದೆಯೇ’ ಎಂಬ ಪ್ರಶ್ನೆಗೆ ಮಾತ್ರ ಅದು ಉತ್ತರವಲ್ಲ.

ಮೊದಲ ಕಾರಣ, ಕಾಣೆಯಾದ ಮತಗಳು. 58 ಮತ ಬಿದ್ದ ಚೌಕಕ್ಕೂ 96 ಮತ ಬಿದ್ದ ಚೌಕಕ್ಕೂ ಅಂತಿಮ ನಕ್ಷೆಯಲ್ಲಿ ಒಂದೇ ಬಣ್ಣ ಬಳಿಯುತ್ತಾರೆ. ಮೊದಲನೆಯದರಲ್ಲಿ 42 ಮತಗಳು ‘ಇದು ಬೇರೆ’ ಎಂದಿದ್ದವು. ಫಾರ್ವರ್ಡ್ ಆದ ಚಿತ್ರದಲ್ಲಿ ಆ 42ರ ಸುಳಿವೂ ಇರುವುದಿಲ್ಲ.

ಇನ್ನೊಂದು, ಸೂಕ್ಷ್ಮ ಮಾಹಿತಿ ಎಂದು ನಾವು ನೆಚ್ಚಿಕೊಂಡದ್ದೇ ಹಳೆಯದು. 2000ದ ಫೆಬ್ರವರಿಯಲ್ಲಿ ಅಳೆದ ಎತ್ತರಕ್ಕೆ ಗೊತ್ತಿರುವುದು 2000ದ ಫೆಬ್ರವರಿಯ ಗುಡ್ಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿ ಗಂಗಾವಳಿ ನದಿಯವರೆಗೆ ಬಂತು. ಅಲ್ಲಿ ಚತುಷ್ಪಥ ಕಾಮಗಾರಿಗಾಗಿ ಗುಡ್ಡದ ಬುಡ ಕಡಿದದ್ದು ರೇಡಾರ್ ಅಳೆದು ಎಷ್ಟೋ ವರ್ಷಗಳಾದ ಮೇಲೆ. ಆ ಕಡಿತ ಹಳೆಯ ಎತ್ತರದ ಪಟ್ಟಿಯಲ್ಲಿ ಇಲ್ಲ. ಅಜ್ಜಿಯ ಗ್ರೈಂಡರ್ ಇದೇ. ಇದರ ಜೊತೆಗೆ, ದಟ್ಟ ಕಾಡಿದ್ದಲ್ಲಿ ಆ ರೇಡಾರ್ ನೆಲವನ್ನು ಪೂರ್ತಿ ಮುಟ್ಟುವುದಿಲ್ಲ. ಅದು ಕೊಡುವ ಎತ್ತರ ಮರದ ತುದಿಗೂ ನೆಲಕ್ಕೂ ನಡುವಿನ ಎಲ್ಲೋ ಒಂದು ಮಟ್ಟ. ಪಶ್ಚಿಮ ಘಟ್ಟದಲ್ಲಿ ಇದು ಸಣ್ಣ ವಿಷಯವಲ್ಲ.

ಎಲ್ಲಕ್ಕಿಂತ ಗಂಭೀರವಾದದ್ದನ್ನು ವಯನಾಡು ತೋರಿಸಿಕೊಟ್ಟಿತು. 2024ರ ಜುಲೈ 30ರ ನಸುಕಿನಲ್ಲಿ, ನಮ್ಮ ಗಡಿಯಾಚೆಯ ಆ ಜಿಲ್ಲೆಯ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳು ಮಣ್ಣುಪಾಲಾದವು, 250ಕ್ಕೂ ಹೆಚ್ಚು ಜನ ಸತ್ತರು. ಇಸ್ರೋದ ಉಪಗ್ರಹ ಚಿತ್ರಗಳ ವಿಶ್ಲೇಷಣೆಯ ಪ್ರಕಾರ ಗುಡ್ಡ ಜಾರಲು ಶುರುವಾದದ್ದು ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿ. ಅಲ್ಲಿಂದ ಕಲ್ಲು, ಮಣ್ಣು, ಮರ ಎಲ್ಲ ಹೊಳೆಯ ದಾರಿ ಹಿಡಿದು ಸುಮಾರು 8 ಕಿ.ಮೀ. ಹರಿದವು. ಜನ ಇದ್ದದ್ದು ಕೆಳಗೆ, ಕಣಿವೆಯಲ್ಲಿ.

ಭೂಕುಸಿತ ಸಂಭವದ ನಕ್ಷೆಗಳು ಸಾಮಾನ್ಯವಾಗಿ ಹೇಳುವುದು ಗುಡ್ಡ ಎಲ್ಲಿ ಜಾರಲು ಶುರುವಾಗಬಹುದು ಎಂದು. ಜಾರಿದ್ದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಬೇರೆಯೇ ಲೆಕ್ಕ. ಕಣಿವೆಯ ತಳದ ಚಪ್ಪಟೆ ಜಾಗ ಭೂರೂಪದ ನಕ್ಷೆಯಲ್ಲಿ ಸರಿಯಾಗಿಯೇ ‘ಕಣಿವೆ’ ಎಂದು ಬರಬಹುದು, ಅಪಾಯದ ನಕ್ಷೆಯಲ್ಲಿ ಹಸಿರಾಗಿಯೂ ಇರಬಹುದು. ನಕ್ಷೆಯನ್ನು 30 ಮೀಟರ್ ಬಿಟ್ಟು 3 ಮೀಟರ್‌ಗೆ ಇಳಿಸಿದರೂ ಹಸಿರು ಹಸಿರೇ. ಅಲ್ಲಿ ನಿಂತವರಿಗೆ ಅಪಾಯ ಬರುವುದು ಕಾಲಡಿಯಿಂದಲ್ಲ, ಮೈಲಿಗಟ್ಟಲೆ ಮೇಲಿನಿಂದ. ಇಸ್ರೋ 2023ರಲ್ಲಿ ಹೊರತಂದ ಭೂಕುಸಿತ ಅಟ್ಲಾಸ್‌ನ 147 ಜಿಲ್ಲೆಗಳ ಪಟ್ಟಿಯಲ್ಲಿ ಉತ್ತರಾಖಂಡದ ರುದ್ರಪ್ರಯಾಗ ಮೊದಲು, ವಯನಾಡು 13ನೇ ಸ್ಥಾನದಲ್ಲಿತ್ತು. ಇಡೀ ಜಿಲ್ಲೆಗೆ ಒಂದೇ ಸಂಖ್ಯೆ, ಅದಕ್ಕಿಂತ ಒರಟು ಚೌಕ ಬೇರೆ ಬೇಕೇ? 13 ಎಂಬ ಸಂಖ್ಯೆ ತಪ್ಪಾಗಿರಲಿಲ್ಲ, ಚೂರಲ್‌ಮಲದವರಿಗೆ ಅದರಿಂದ ತಿಳಿಯುವಂಥದ್ದೂ ಏನಿರಲಿಲ್ಲ.

ನಕ್ಷೆ ಫಾರ್ವರ್ಡ್ ಬಂದರೆ ಏನು ನೋಡಬೇಕು?

ಬಣ್ಣ ನೋಡುವ ಮೊದಲು ಅಂಚು ನೋಡಿ. ಯಾವ ಸಂಸ್ಥೆ, ಯಾವ ವರ್ಷ, ಮಾಪನ ಅಥವಾ ರೆಸಲ್ಯೂಷನ್ ಎಷ್ಟು, ಯಾವ ಬಣ್ಣಕ್ಕೆ ಏನರ್ಥ ಎಂಬ ಸೂಚಿ ಇದೆಯೇ? ಇವುಗಳಲ್ಲಿ ಯಾವುದೂ ಇಲ್ಲದಿದ್ದರೆ ಅದನ್ನು ಮುಂದೆ ಕಳಿಸುವುದರಿಂದ ಯಾರಿಗೂ ಉಪಯೋಗವಿಲ್ಲ. ‘ಸಂಭವ’ ಎಂದು ಬರೆದಿರುವ ನಕ್ಷೆಯನ್ನು ‘ಕುಸಿಯಲಿದೆ’ ಎಂದು ಓದಬೇಡಿ. ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2014–15ರಿಂದ ದೇಶದ ಸುಮಾರು 4.2 ಲಕ್ಷ ಚದರ ಕಿ.ಮೀ. ಗುಡ್ಡಗಾಡಿಗೆ ಮಾಡಿದ ಭೂಕುಸಿತ ಸಂಭವದ ನಕ್ಷೆಯೂ 1:50,000 ಮಾಪನದ್ದೇ. ಮೇಲೆ ಹೇಳಿದ 25 ಮೀಟರ್ ಗೆರೆಯ ಲೆಕ್ಕ ಅದಕ್ಕೂ ಅನ್ವಯಿಸುತ್ತದೆ. ನಿಮ್ಮ ಫೋನಿನ ಜಿಪಿಎಸ್ ಕೂಡ ತೆರೆದ ಆಕಾಶದಡಿ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ, ಮರಗಳ ಕೆಳಗೆ ಇನ್ನೂ ಹೆಚ್ಚು. ಹಾಗಾಗಿ ನೀಲಿ ಚುಕ್ಕೆ ಯಾವ ಬಣ್ಣದ ಮೇಲೆ ಕೂತಿದೆ ಎಂಬುದರ ಮೇಲೆ ಮನೆ ಮಾರುವ ತೀರ್ಮಾನ ಮಾಡಬೇಡಿ, ಮನೆಯಲ್ಲೇ ಉಳಿಯುವ ತೀರ್ಮಾನವನ್ನಂತೂ ಮಾಡಲೇಬೇಡಿ.

ಇವತ್ತಿನ ಮಳೆಗೆ ಸಂಬಂಧಿಸಿದ ಎಚ್ಚರಿಕೆ ಬೇಕಿದ್ದರೆ ನಕ್ಷೆಯ ಚಿತ್ರದಲ್ಲಿ ಹುಡುಕಿ ಪ್ರಯೋಜನವಿಲ್ಲ. ಅದೇ ಸರ್ವೇಕ್ಷಣಾ ಸಂಸ್ಥೆ 2024ರ ಜುಲೈನಲ್ಲಿ ಭೂಸಂಕೇತ್ ಜಾಲತಾಣ ಮತ್ತು ಭೂಸ್ಖಲನ್ ಆ್ಯಪ್ ಶುರು ಮಾಡಿದೆ. ಹವಾಮಾನ ಇಲಾಖೆಯ ಮಳೆ ಎಚ್ಚರಿಕೆ, ಜಿಲ್ಲಾಡಳಿತದ ಸೂಚನೆ ಇದ್ದೇ ಇವೆ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077, ತುರ್ತು ಕರೆಗೆ 112.

ಇನ್ನು ನಿಮ್ಮದೇ 10 ಗುಂಟೆಯ ಮಾಹಿತಿ. ಅದು ಯಾವ ಉಪಗ್ರಹಕ್ಕಿಂತಲೂ ಚೆನ್ನಾಗಿ ನಿಮ್ಮ ಕಣ್ಣಿಗೇ ಸಿಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜಾರಿದ ಮೇಲೆ ಈ ಲಕ್ಷಣಗಳ ಬಗ್ಗೆ ಮಲೆನಾಡಿನಲ್ಲಿ ಮಾತು ಹೆಚ್ಚಾಗಿದೆ, ಹಾಗಾಗಬೇಕಾದದ್ದೇ. ಅಂಗಳದಲ್ಲಿ, ತೋಟದ ದಾರಿಯಲ್ಲಿ ಅಥವಾ ಮನೆ ಮೇಲಿನ ಗುಡ್ಡದಲ್ಲಿ ಹೊಸ ಬಿರುಕು. ನಿನ್ನೆವರೆಗೆ ನೆಟ್ಟಗಿದ್ದ ಮರ, ಬೇಲಿ ಕಂಬ ಅಥವಾ ಕರೆಂಟ್ ಕಂಬ ಓರೆಯಾಗುವುದು. ಸಲೀಸಾಗಿದ್ದ ಬಾಗಿಲು-ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾಗುವುದು. ಹಿಂದೆಂದೂ ಇಲ್ಲದ ಕಡೆ ಜಲ ಒಡೆದು ಕೆಸರು ನೀರು ಬರುವುದು. ಮಳೆಗಾಲದಲ್ಲಿ ಹಳ್ಳದ ನೀರು ಕೆಂಪಾಗುವುದು ಮಾಮೂಲಿ, ಅದಕ್ಕೆ ಹೆದರಬೇಕಿಲ್ಲ. ಆದರೆ ಮೇಲೆ ಮಳೆ ಸುರಿಯುತ್ತಲೇ ಇದ್ದು, ಹಳ್ಳದ ನೀರು ಮಾತ್ರ ತಟ್ಟನೆ ಇಳಿದುಹೋದರೆ, ಎಲ್ಲೋ ಮೇಲೆ ಮಣ್ಣು ಕುಸಿದು ಹರಿವಿಗೆ ಅಡ್ಡ ಕಟ್ಟಿರಬಹುದು. ಆಗ ಫೋಟೋ ತೆಗೆಯಲು ಹಳ್ಳಕ್ಕೆ ಇಳಿಯಬೇಡಿ, ಮನೆಯವರನ್ನೆಲ್ಲ ಕರೆದುಕೊಂಡು ಹಳ್ಳದಿಂದ ದೂರ, ಪಕ್ಕದ ಎತ್ತರದ ಜಾಗಕ್ಕೆ ಹೋಗಿ, ಹೋಗುತ್ತಲೇ ಕೆಳಗಿನ ಮನೆಗಳಿಗೆ ಫೋನ್ ಮಾಡಿ.